ಮಂಜುಳಳ ಹದಿನಾಲ್ಕು ಗೀಟುಗಳು

ಯಾರಾದರೂ ದೆವ್ವದ ಕಥೆಯನ್ನೋ ಪವಾಡದ ಕಥೆಯನ್ನೋ ಶುರುಮಾಡಿದರೆ ನಾನು ಮೂರು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಎಷ್ಟು ಗಂಟೆಗೆ ಆಯಿತು? ನೀವೇ ಕಣ್ಣಾರೆ ಕಂಡಿರಾ? ಆವತ್ತೇ ಬರೆದಿಟ್ಟಿರಾ? ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟವರು ಒಬ್ಬರೂ ಸಿಕ್ಕಿರಲಿಲ್ಲ. ಈಗ ನಾನು ಹೇಳಹೊರಟಿರುವ ಸಂಗತಿಯಲ್ಲಿ ಮೂರಕ್ಕೂ ಉತ್ತರವಿದೆ. ಆದರೂ ಆದದ್ದೇನೆಂದು ನನಗೆ ತಿಳಿದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಬಾಬುರಾಯನಕೊಪ್ಪಲಿನ ನಾನು ಕೆ.ಆರ್. ಪೇಟೆಯಲ್ಲಿ ಕೋಣೆ ಹಿಡಿದು, ಸಿಂಧಘಟ್ಟದ ಕಡೆಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಓಡಾಡುತ್ತಿದ್ದೆ. ಹತ್ತನೆಯ ತರಗತಿಯ ಮಕ್ಕಳು ಪುಸ್ತಕದ ಪ್ರಶ್ನೋತ್ತರವನ್ನು ಗಿಣಿಯಂತೆ ಒಪ್ಪಿಸುತ್ತಿದ್ದರು. ಅದರೊಳಗಿನ ಒಂದೇ ಒಂದು ಪದವನ್ನು ಹೊರಗೆ ತೆಗೆದು ಕೇಳಿದರೆ ತಬ್ಬಿಬ್ಬಾಗುತ್ತಿದ್ದರು. ಅದಕ್ಕೆ ನಾನೊಂದು ಕ್ರಮ ಮಾಡಿಕೊಂಡೆ. ಪದ ಹೇಳಿದರೆ ಅರ್ಥ ಹೇಳಬೇಕು, ಆಮೇಲೆ ಅದನ್ನು ಸೇರಿಸಿ ಒಂದು 'ಮನೆ ವಾಕ್ಯ' ಹೇಳಬೇಕು. ಮನೆ ವಾಕ್ಯವೆಂದರೆ ಆ ವಾರ ತಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದು. ಪುಸ್ತಕದ್ದು ನಡೆಯದು, ಕಟ್ಟಿ ಹೇಳಿದ್ದೂ ನಡೆಯದು. ಎರಡೂ ಸರಿಯಿದ್ದರೆ ನನ್ನ ಡೈರಿಯಲ್ಲಿ ಒಂದು ಗೀಟು. ದಿನದ ಒಳ್ಳೆಯ ವಾಕ್ಯವನ್ನು ಅಂಚಿನಲ್ಲಿ ಬರೆದಿಡುತ್ತಿದ್ದೆ. ಎಮ್ಮೆ ಕರು ಹಾಕಿದ್ದು, ಅಪ್ಪ ಸೈಕಲ್ಲಿನಿಂದ ಬಿದ್ದದ್ದು, ಎಲ್ಲ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕ್ರಮ ಫಲ ಕೊಡುತ್ತಿದೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ತೀರಾ ಹಿಂದುಳಿದ ಆರು ಮಕ್ಕಳಿಗೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಬೇರೆ ಪಾಠ. ಐವರು ಒಳಗೆ ಕಾಪಿ ಬರೆಯುತ್ತಿರುವಾಗ ಒಬ್ಬೊಬ್ಬರನ್ನೇ ಜಗುಲಿಗೆ ಕರೆದು ಇಪ್ಪತ್ತು ಪದ ಕೇಳುತ್ತಿದ್ದೆ. ಆ ಆರರಲ್ಲಿ ಮಂಜುಳ ಒಬ್ಬಳು. ಯಾವ ಶನಿವಾರವೂ ಅವಳು ಏಳು ಗೀಟು ದಾಟಿರಲಿಲ್ಲ.

ಅವಳಪ್ಪ ಚಿಕ್ಕೇಗೌಡರು ಒಂದು ವಾರದ ಮೊದಲಲ್ಲಿ ಶಾಲೆಗೆ ಬಂದರು. "ಇಂಗ್ಲೀಸಲ್ಲಿ ಡುಮ್ಕಿ ಒಡ್ಯೋಳ್ನ ಇನ್ನೂ ಯಾಕ್ ಮೇಷ್ಟ್ರೇ ಓದ್ಸೋದು? ಮನೇಲಿ ನಾಕು ಸೀಮೆ ಅಸ ಅವೆ. ಪಾಂಡವಪುರದಿಂದ ಗಂಡಿನ್ ಕಡೆಯೋರು ಕೇಳ್ತಾವ್ರೆ. ಬುಡುಸ್ಬುಡ್ತೀನಿ."

"ಈ ಶನಿವಾರ ಇಪ್ಪತ್ತಕ್ಕೆ ಹತ್ತು ಬಂದರೆ?" ಎಂದೆ.

"ಬಂದ್ರೆ ನಾನು ತುಟಿಪಿಟಿಕ್ ಅನ್ನಕಿಲ್ಲ. ಬರ್ನಿಲ್ಲ ಅಂದ್ರೆ ನೀವೂ ಅನ್ನಂಗಿಲ್ಲ."

ಒಪ್ಪಿಕೊಂಡೆ. ಮಂಜುಳ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಳು.

ಆ ಶನಿವಾರ ಬೆಳಗ್ಗೆ ಹತ್ತನೆಯ ತರಗತಿಗೆ ನನ್ನ ಪೀರಿಯಡ್ ಇರಲಿಲ್ಲ. ಹನ್ನೆರಡಕ್ಕೆ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡೆ. ಐವರು ಬಂದು, ಒಪ್ಪಿಸಿ ಒಳಗೆ ಹೋದರು. ಆರನೆಯವಳಾಗಿ ಮಂಜುಳ ಬಂದು ಕಂಬಕ್ಕೆ ಕೈಯೂರಿ ನಿಂತಳು. ಯೂನಿಫಾರ್ಮ್ ಹಾಕಿದ್ದಳು, ಜಡೆ ಬಿಚ್ಚಿತ್ತು. ದನಿ ತಗ್ಗಿದ್ದರೂ ತಡವರಿಕೆ ಇರಲಿಲ್ಲ. ಹದಿಮೂರನೆಯ ಪದ 'ಬ್ಲ್ಯಾಂಕೆಟ್'. ಅರ್ಥ ಹೇಳಿ, "ಒನ್ ಬ್ಲ್ಯಾಂಕೆಟ್ ಈಸ್ ನಾಟ್ ಎನಫ್. ಮೈ ಗ್ರ್ಯಾಂಡ್‌ಮದರ್ ಪುಟ್ಸ್ ಹರ್ ವೆಡ್ಡಿಂಗ್ ಸ್ಯಾರಿ ಆಲ್ಸೋ" ಎಂದಳು. ನನಗೆ ನಗು ಬಂತು. "ಈ ಬಿಸಿಲಲ್ಲಿ ಕಂಬಳೀನಾ?" ಎಂದೆ. ಅವಳು ನಗಲಿಲ್ಲ. ಒಟ್ಟು ಹದಿನಾಲ್ಕು ಗೀಟು. ಆ ವಾಕ್ಯವನ್ನು ಅಂಚಿನಲ್ಲಿ ಬರೆದು, ಹೊತ್ತು ಹಾಕಿದೆ: ಒಂದು ಗಂಟೆ ಹತ್ತು ನಿಮಿಷ. ತಲೆಯೆತ್ತಿದಾಗ ಅವಳು ಹೋಗಿದ್ದಳು.

ಸೋಮವಾರ ಚಿಕ್ಕೇಗೌಡರು ಬಂದಾಗ ನಾನೇ ಮೊದಲು ಕೂಗಿದೆ: "ಹದಿನಾಲ್ಕು ಗೌಡ್ರೇ!"

"ಯಾವಾಗ ಕೇಳುದ್ರಿ?"

"ಮೊನ್ನೆ ಶನಿವಾರ, ಇಲ್ಲೇ."

ಅವರ ಮುಖ ಬಿಗಿದುಕೊಂಡಿತು. "ಓದಿರೋರು ಇಂಗೆ ಸುಳ್ಳು ಏಳ್ಬೌದಾ ಮೇಷ್ಟ್ರೇ? ಶನ್ವಾರ ಬೆಳಗ್ಗೆಗೆ ವಾಪಸ್ ಬಾ ಅಂತ ಏಳಿ ಸುಕ್ರವಾರ ಸಂಜೆ ನಾನೇ ಅವ್ಳ್ನ ಹೊಸಹೊಳಲಿಗೆ ಅವರಜ್ಜಿ ಮನೆಗೆ ಬಸ್ಸತ್ತಿಸ್ದೆ. ಅಲ್ಲೋಗಿ ಜ್ವರ ಬಂದು ಮಲಗ್ದೋಳು ಇನ್ನೂ ಎದ್ದಿಲ್ಲ."

ಡೈರಿ ತೆರೆದು ತೋರಿಸಿದೆ, ಅಂಚಿನ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ. ಗೌಡರು ಪುಟದ ಮೇಲೆ ಬೆರಳಿಟ್ಟು, "ಗೀಟ ಯಾರ್ ಬೇಕಾದ್ರೂ ಎಳೀಬೌದು" ಎಂದರು. ಅಷ್ಟು ವರ್ಷಗಳ ನನ್ನ ಡೈರಿಯ ಬಗ್ಗೆ ಯಾರೂ ಅಂಥ ಮಾತು ಆಡಿರಲಿಲ್ಲ. ಕೂಡಲೇ ಶನಿವಾರದ ಪಾಠದಲ್ಲಿ ಮಂಜುಳಳ ಪಕ್ಕ ಕೂರುವ ರತ್ನಳನ್ನು ಕರೆಸಿದೆ. ಅವಳು ಗೌಡರನ್ನೂ ನನ್ನನ್ನೂ ನೋಡಿ ಹಿಂಜರಿದಳು.

"ಮಂಜುಳ ಬಂದೇ ಇರ್ನಿಲ್ಲ ಸಾ. ನಾವೈದೇ ಜನ. ಆಮೇಲೆ ನೀವೊಬ್ರೇ ಕಂಬದ್ ಕಡೆ ನೋಡ್ಕಂಡು ಮಾತಾಡ್ತಿದ್ರಿ. ಸಾರು ಸೋಮ್ವಾರದ್ ಪಾಠ ಒಪ್ಪುಸ್ಕತಾವ್ರೆ ಅನ್ಕಂಡೊ."

ಆದರೂ ನನ್ನ ಬುದ್ಧಿ ಕೈಬಿಡಲಿಲ್ಲ. ಗೀಟು ನನ್ನ ಭ್ರಮೆಯಾಗಿರಬಹುದು, ವಾಕ್ಯವನ್ನು ಪರೀಕ್ಷಿಸಬಹುದಲ್ಲ? "ನಡೀರಿ ಗೌಡ್ರೇ, ಹೊಸಹೊಳಲಿಗೆ ಹೋಗಿ ಕೇಳೋಣ" ಎಂದೆ. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೆವು.

ಮಂಜುಳ ನಡುಮನೆಯಲ್ಲಿ ಚಾಪೆಯ ಮೇಲೆ ಒರಗಿದ್ದಳು, ಕಣ್ಣು ಗುಳಿಬಿದ್ದಿತ್ತು. ಶನಿವಾರ ಅವಳು ಎಲ್ಲಾದರೂ ಹೊರಟಿದ್ದಳೇ ಎಂದು ಅಜ್ಜಿಯನ್ನು ಕೇಳಿದೆ. "ಅಯ್ಯೋ, ಬಚ್ಚಲ್ಗೂ ನಾನೇ ಇಡ್ಕಂಡೋಗ್ತಿದ್ದೆ. ಇನ್ನೆಲ್ಲಿಗ್ ಓಗಾಳು?" ಎಂದಿತು ಮುದುಕಿ.

"ಏನು ಹೊದಿಸಿದ್ರಿ ಅಜ್ಜಿ?"

"ಕಂಬ್ಳಿ ಕಣಪ್ಪ. ಒಂದು ಸಾಕಾಗ್ನಿಲ್ಲ. ಮಟಮಟ ಮಧ್ಯಾನ್ದಲ್ಲಿ ಗಡಗಡ ನಡುಗ್ತಿತ್ತು ಮಗ. ಇನ್ನೇನ್ ಮಾಡಾದು, ಪೆಟ್ಟಿಗೇಲಿದ್ದ ನನ್ ಧಾರೆ ಸೀರೆ ತಗ್ದು ಮ್ಯಾಲೊದಿಸ್ದೆ."

ಗೌಡರು ನಿಧಾನವಾಗಿ ನನ್ನ ಕಡೆ ತಿರುಗಿದರು. ಅಜ್ಜಿ ಸೀರೆ ಹೊದಿಸಿದ್ದು ನಿಜವೆಂದು ಅವರಿಗೂ ತಿಳಿದದ್ದು ಅದೇ ಮೊದಲು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, "ಬುಡಿ ಮೇಷ್ಟ್ರೇ, ಒಪ್ಕಂಡೆ. ಓದ್ಲಿ" ಎಂದರು.

ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಅವರು ಒಪ್ಪಿದ್ದು ಹೆದರಿಕೆಗೆ, ಮಗಳ ಓದಿಗಲ್ಲ. ಆ ಹೆದರಿಕೆ ನಾಲ್ಕು ದಿನಕ್ಕೆ ಇಳಿದರೆ ಒಪ್ಪಿಗೆಯೂ ಇಳಿಯುತ್ತದೆ. "ಬೇಡ ಗೌಡ್ರೇ. ನನಗೇ ಅರ್ಥವಾಗದ ಗೀಟನ್ನು ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ. ಇವಳು ಹುಷಾರಾಗಲಿ, ನಿಮ್ಮೆದುರಿಗೇ ಬೇರೆ ಇಪ್ಪತ್ತು ಪದ ಕೇಳ್ತೀನಿ" ಎಂದೆ.

"ಇದೊಳ್ಳೆ ಮೇಷ್ಟ್ರು! ಬಾಯಿಗ್ ಬಂದ್ ತುತ್ತ ಕೆಳಕ್ಕಾಕ್ತದಲ್ಲ" ಎಂದು ಅಜ್ಜಿ ಬೈಯಿತು. ಮಂಜುಳ ಮಾತ್ರ ಚಾಪೆಯಿಂದಲೇ, "ಕೇಳಿ ಸಾ. ಅರ್ತ ಏಳ್ತೀನಿ" ಎಂದಳು.

ಎರಡು ಶನಿವಾರ ಕಳೆದು ಅವಳು ಬಂದಳು. ಗೌಡರು ಜಗುಲಿಯ ತುದಿಯಲ್ಲಿ ಕೂತು ಬೆರಳ ಗೆಣ್ಣು ಎಣಿಸುತ್ತಿದ್ದರು. ಈ ಸಲ ತಡವರಿಕೆ ಇತ್ತು, ಬೆವರಿತ್ತು, ತುಟಿ ಕಚ್ಚುವುದಿತ್ತು. ಬೇಕೆಂದೇ 'ಬ್ಲ್ಯಾಂಕೆಟ್' ಪದವನ್ನು ಮತ್ತೆ ಕೇಳಿದೆ. "ಐ ಹ್ಯಾವ್ ಎ ಬ್ಲ್ಯಾಂಕೆಟ್" ಎಂದಳು. ಅದು ಪುಸ್ತಕದ ವಾಕ್ಯ, ಗೀಟು ಹಾಕಲಿಲ್ಲ. ಹದಿನೇಳನೆಯ ಪದಕ್ಕೆ ಹತ್ತನೆಯ ಗೀಟು ಬಿತ್ತು. ಗೌಡರು ಟವೆಲ್ ಕೊಡವಿ ಎದ್ದರು. "ಸಾಕ್ ಬುಡಿ, ಅಸಗಳ್ಗೆ ಉಲ್ಲಾಕ್ಬೇಕು. ಗಂಡಿನ್ ಕಡೆಯೋರ್ಗೆ ಏಳಿ ಕಳುಸ್ತೀನಿ, ಇವಾಗ್ಲೇ ಇಲ್ಲ ಅಂತ." ನಾನು ಇಪ್ಪತ್ತನ್ನೂ ಮುಗಿಸಿದೆ. ಹನ್ನೊಂದು ಬಂತು.

ಅವಳು ಆ ವರ್ಷ ಪರೀಕ್ಷೆಗೆ ಕೂತಳು, ಪಾಸಾದಳು. ಅಂಕಪಟ್ಟಿ ತೋರಿಸಲು ಬಂದ ದಿನ ಕೇಳಿದೆ: ಆ ಜ್ವರದ ಮಧ್ಯಾಹ್ನ ಏನಾದರೂ ನೆನಪಿದೆಯೇ?

"ನೀವು ಕೇಳ್ತಾ ಇದ್ದಂಗೆ ಅನ್ಸ್ತಿತ್ತು ಸಾ. ಗೊತ್ತಿದ್ದುದ್ಕೆಲ್ಲ ಏಳ್ತಿದ್ದೆ. ಜ್ವರದಲ್ಲಿ ಏನೇನೋ ಅನ್ಸ್ತದಲ್ವಾ?" ಎಂದು ನಕ್ಕು ಸೈಕಲ್ ಹತ್ತಿ ಹೋದಳು.

ಆ ಡೈರಿ ಈಗಲೂ ನನ್ನ ಬಳಿ ಇದೆ. ವರ್ಷದ ಕೊನೆಯಲ್ಲಿ ಪ್ರತಿಯೊಬ್ಬರ ಗೀಟು ಕೂಡಿಸಿ ಸಾಲಿನ ತುದಿಯಲ್ಲಿ ಮೊತ್ತ ಬರೆಯುವುದು ನನ್ನ ರೂಢಿ. ಶನಿವಾರದ ಆರು ಮಕ್ಕಳಲ್ಲಿ ಐವರ ಸಾಲಿಗೆ ಬರೆದಿದ್ದೇನೆ. ಮಂಜುಳಳ ಸಾಲಿನಲ್ಲಿ ಆ ಹದಿನಾಲ್ಕನ್ನು ಸೇರಿಸಿದರೆ ಅವಳು ಬಾರದ ದಿನ ಬಂದಳೆಂದು ಬರೆದಂತೆ. ಬಿಟ್ಟರೆ ನಾನು ಕಂಡದ್ದನ್ನು ಕಾಣಲಿಲ್ಲವೆಂದು ಬರೆದಂತೆ. ಪೆನ್ನು ಹಿಡಿದು ಎಷ್ಟೋ ಸಲ ಕೂತಿದ್ದೇನೆ. ಆ ಜಾಗ ಇನ್ನೂ ಖಾಲಿಯಿದೆ.