ಬೀಪಾತುವಿನ ಮಹರ್

ಬೇಪೂರಿನಲ್ಲಿ ಯಾರ ಹೆಣ ಮಸೀದಿಗೆ ಬಂದರೂ ಆಲಿಕ್ಕೋಯ ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದ. ನಮಾಜಿಗೆ ಮೊದಲು ಸತ್ತವನ ಮಗ ಎದ್ದು, "ನಮ್ಮುಪ್ಪ ಯಾರಿಗಾದ್ರೂ ಬಾಕಿ ಇದ್ರೆ ನನ್ನ ಹತ್ರ ಬನ್ನಿ, ಇಲ್ಲಾಂದ್ರೆ ಮಾಫ್ ಮಾಡಿಬಿಡಿ" ಅನ್ನುತ್ತಾನಲ್ಲ, ಆಗ ಇವನು ಕತ್ತು ತಿರುಗಿಸಿ ಜನರ ಮುಖ ನೋಡುತ್ತಿದ್ದ. ಹೆಣದ ಮುಂದೆ ಲೆಕ್ಕ ಕೇಳುವ ಗಟ್ಟಿ ಮುಖ ಯಾರಿಗಿರುತ್ತದೆ? ಎಲ್ಲರೂ "ಮಾಫ್" ಎಂದು ಗೊಣಗುತ್ತಿದ್ದರು. ಅವರಲ್ಲಿ ಮನಸಾರೆ ಅಂದವರೆಷ್ಟು, ಮುಲಾಜಿಗೆ ಅಂದವರೆಷ್ಟು ಎಂಬ ಹುಳ ಮನೆ ಸೇರುವವರೆಗೂ ಅವನ ತಲೆ ಕೊರೆಯುತ್ತಿತ್ತು.

ಅವನು ಖಲಾಸಿ. ಮರದ ಹಡಗುಗಳನ್ನು ಹಗ್ಗ ಕಟ್ಟಿ ನೀರಿಗೆಳೆಯುತ್ತ ಮುದುಕನಾದವನು. ಒಮ್ಮೆ ಎದೆ ಹಿಡಿದುಕೊಂಡು ಆಸ್ಪತ್ರೆ ಕಂಡು ಬಂದ ಮೇಲೆ, ಇನ್ನು ಹೊರಡುವುದೇ ಎಂದು ಮಾತ್ರೆಗಳನ್ನು ಬೀರುವಿನ ಮೇಲೆಸೆದ. ಉಯಿಲು ಬರೆಸಲು ಮಸೀದಿಯ ಗುರು ಮುಸ್ಲಿಯಾರರ ಬಳಿ ಹೋದ. ವಾರಸುದಾರರ ಪಾಲು ಬಿಟ್ಟು, ಮನಸ್ಸಿಗೆ ಬಂದಂತೆ ಬರೆಯಲು ಧರ್ಮ ಬಿಡುವುದು ಆಸ್ತಿಯ ಮೂರನೇ ಒಂದು ಪಾಲನ್ನು ಮಾತ್ರವಲ್ಲ, ಅದರಲ್ಲಿ ಮಸೀದಿಯ ಕೊಳಕ್ಕೆ ಕಲ್ಲಿನ ಮೆಟ್ಟಿಲು ಕಟ್ಟಿಸಬೇಕೆಂದು ಅವನಾಸೆ.

"ಮೊದ್ಲು ಸಾಲ, ಆಲಿಕ್ಕ," ಅಂದರು ಮುಸ್ಲಿಯಾರರು. "ಸಾಲ ಇಟ್ಕೊಂಡು ಹೋದವನ ಜೀವ ನಡುವೆ ನೇತಾಡ್ತಿರುತ್ತೆ."

ಆ ಮಾತಿಗೆ ಆಲಿಕ್ಕೋಯ ನಿಜವಾಗಿಯೂ ಹೆದರಿದ. ಶುಕ್ರವಾರದ ನಮಾಜು ಮುಗಿದದ್ದೇ ತಾನೇ ಎದ್ದು ನಿಂತ.

"ನಾನು ಯಾರಿಗಾದ್ರೂ ಬಾಕಿ ಇದ್ರೆ ಈಗ್ಲೇ ಹೇಳಿ."

"ಮಾಫ್, ಮಾಫ್," ಎಂದಿತು ಜನ, ಅಭ್ಯಾಸಬಲದಿಂದ.

"ಬದುಕಿರೋನಿಗೆ ಎಂಥ ಮಾಫ್ರೋ? ಬಂದು ಇಸ್ಕೊಳ್ಳಿ."

ನಗು ಎದ್ದಿತು. ಕೊನೆಗೆ ಚಹಾದಂಗಡಿಯವನೊಬ್ಬ ಹಳೇ ಬಾಕಿ ಇಸಿದುಕೊಂಡ. ಆಲಿಕ್ಕೋಯ ಹಗುರವಾಗಿ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಬೀಪಾತು ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು.

"ಮಸೀದೀಲಿ ಹೆಂಗಸ್ರು ಇದ್ರಾ?" ಎಂದು ಕೇಳಿದಳು.

"ಅವರು ಯಾಕಿರ್ತಾರೆ?"

"ಹಾಗಾದ್ರೆ ನನ್ನ ಕೇಳೋದು ಯಾವಾಗ? ನಿಮ್ಮನ್ನ ಎತ್ಕೊಂಡು ಹೋಗೋವಾಗ್ಲಾ?"

ಮದುವೆಯ ದಿನ ಅವಳಿಗೆ ಮಹರ್ ಎಂದು, ಹೆಣ್ಣಿನ ಹಕ್ಕಿನ ವಧುಧನವಾಗಿ, ಕೊಟ್ಟದ್ದು ಐದು ಪವನಿನ ಚಿನ್ನದ ಸರ. ವರ್ಷ ತುಂಬುವುದರೊಳಗೆ ಹಡಗೆಳೆಯುವ ಹಗ್ಗ, ರಾಟೆ ಕೊಳ್ಳಲು ಅದನ್ನು ಇಸಿದುಕೊಂಡು ಮಾರಿದ್ದ. ಅದು ಸಾಲವೆಂದು ಅವನಿಗೆ ಇಂದಿನವರೆಗೂ ಹೊಳೆದಿರಲಿಲ್ಲ.

"ನೀನೂ ಮಾಫ್ ಮಾಡ್ಬಿಡು, ಬೀಪಾತು."

"ಪಕ್ಕದ್ಮನೆ ನಬೀಸಕ್ಕನ್ನ ಗಂಡನ ಹೆಣದ ಪಕ್ಕ ಕೂರಿಸಿ, ಮಹರ್ ಮಾಫ್ ಅನ್ನು, ಅನ್ನು ಅಂತ ಎಲ್ರೂ ಮುತ್ಕೊಂಡಿದ್ರು. ಅವ್ಳು ಅಳ್ಬೇಕಾ, ಅನ್ಬೇಕಾ? ಆವತ್ತೇ ತೀರ್ಮಾನ ಮಾಡ್ದೆ. ನನ್ನ ಬಾಯಿಂದ ಹಾಗೆ ಬರಲ್ಲ."

ಮುಸ್ಲಿಯಾರರೂ ಬೀಪಾತುವಿನ ಕಡೆಗೇ ವಾಲಿದರು. ತಗೊಂಡಿದ್ದು ಚಿನ್ನ, ಕೊಡಬೇಕಾದದ್ದೂ ಚಿನ್ನ. ಚಿನ್ನದಂಗಡಿಯವನು ಇವತ್ತಿನ ದರ ಹೇಳಿದಾಗ ಆಲಿಕ್ಕೋಯ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಮೆಟ್ಟಿಲಿಗೆಂದು ಕೂಡಿಟ್ಟದ್ದೆಲ್ಲ ಸರಕ್ಕೆ ಹೋಯಿತು. ಕೊಳದ ದಾರಿಯಲ್ಲಿ ಬರುತ್ತ ಅವನಿಗೆ ಹೊಟ್ಟೆ ಉರಿದದ್ದೂ ನಿಜ. ಆದರೆ ಬೀಪಾತು ಸರ ಹಾಕಿಕೊಂಡು, ಕನ್ನಡಿಯ ಮುಂದೆ ಹುಡುಗಿಯ ಹಾಗೆ ಅತ್ತಿತ್ತ ತಿರುಗಿದಾಗ, ಇಷ್ಟು ವರ್ಷ ಇವಳ ಕತ್ತು ಬರಿದಾಗಿದ್ದದ್ದು ತನಗೆ ಕಾಣಿಸಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು.

ಮರುವಾರ ಅವಳೇ ಮುಸ್ಲಿಯಾರರನ್ನು ಜಗಲಿಗೆ ಕರೆಸಿ, ಗಂಡನನ್ನು ಹೊರಗೆ ಕಳಿಸಿ, ತನ್ನದೂ ಒಂದು ಉಯಿಲು ಬರೆಸಿದಳು. ಆಲಿಕ್ಕೋಯ ಬಾಳೆಗಿಡದ ಮರೆಯಲ್ಲಿ ನಿಂತು ಕಿವಿ ನಿಮಿರಿಸಿದ. ಒಂದಕ್ಷರವೂ ಕೇಳಿಸಲಿಲ್ಲ.

"ಸರ ಯಾರಿಗೆ ಬರೆಸ್ದೆ?" ಎಂದ, ಊಟಕ್ಕೆ ಕೂತಾಗ.

"ನಾನು ಹೋದ್ಮೇಲೆ ಓದ್ತಾರಲ್ಲ, ಆಗ ಕೇಳಿಸ್ಕೊಳ್ಳಿ."

"ನಮ್ಮ ಮಗನಿಗಾ? ನಬೀಸಳ ಮಗ್ಳಿಗಾ?"

"ಮೀನು ಹಾಕ್ಲಾ?"

"ಅಲ್ವೇ, ಅಲ್ಲೀತನಕ ನಾನು ಇರ್ಬೇಕಲ್ಲ."

"ಇರಿ. ಬೇಡ ಅಂದೋರ್ಯಾರು?"

ಅವನು ಅರ್ಧ ಊಟಕ್ಕೇ ಕೈ ತೊಳೆದ. ಸ್ಟೂಲು ಎಳೆದು ತಂದು, ಹತ್ತಿ, ಬೀರುವಿನ ಮೇಲಿನ ಧೂಳಿನಲ್ಲಿ ಮಾತ್ರೆಗಳಿಗಾಗಿ ತಡಕಾಡತೊಡಗಿದ. ಬೀಪಾತು ಬಂದು ಸ್ಟೂಲು ಹಿಡಿದುಕೊಂಡಳು.