ಗೋಂದಮ್ಮ ಅಂಟಿಸಿದ ಸ್ಟಿಕ್ಕರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬೈಂಡರ್ ಒಬ್ಬರೇ ಕೂತಿದ್ದಾರೆ. ಮಡಿಲಲ್ಲಿ ಬೆನ್ನು ಕಳಚಿದ ಪುಸ್ತಕ, ಪಕ್ಕದಲ್ಲಿ ಗೋಂದಿನ ಡಬ್ಬಿ. ದಾರ ಸೂಜಿಯ ಕಣ್ಣಿಗೆ ಹೋಗುತ್ತಲೇ ಇಲ್ಲ.

"ಇವತ್ತು ನನ್ನ ಕೆಲಸ ನೋಡ್ಬೇಡಿ ಸಾರ್," ಎನ್ನುತ್ತಾರೆ. ನಾನು ಬಂದಿರುವುದೇ ಅದನ್ನು ನೋಡಿ ಪತ್ರಿಕೆಗೆ ಬರೆಯಲು. ಎದ್ದು ಹೋಗುವುದಾದರೂ ಹೇಗೆ?

ವಿದ್ಯಾರ್ಥಿಗಳು ಇವರನ್ನು ಕರೆಯುವುದು ಗೋಂದಮ್ಮ ಎಂದು. ಬೇಜಾರಿಲ್ಲವೇ ಎಂದರೆ ಅಷ್ಟು ಆತಂಕದಲ್ಲೂ ನಗುತ್ತಾರೆ: "ನಮ್ಮತ್ತೆ ಇಟ್ಟಿದ್ದ ಹೆಸರು ಕೇಳಿದ್ರೆ ಇದು ಎಷ್ಟೋ ವಾಸಿ ಅಂತೀರ."

ಈ ಕೆಲಸ ಕಲಿಸಿದವರು ಮಾವ. ಮಗನಿಗೆ ಒಂದು ಕಡೆ ಕೂರುವ ಜಾಯಮಾನವಿಲ್ಲವೆಂದು ಸೊಸೆಯ ಕೈಗೆ ಸೂಜಿ ಕೊಟ್ಟರಂತೆ. ಆ ಮಗ ಲಾರಿ ಓಡಿಸಿ ಓಡಿಸಿ, ಈಗ ಸೊಂಟ ಹಿಡಿದು ಮನೆಯಲ್ಲಿ ಮಲಗಿದ್ದಾರೆ. ಮನೆ ನಡೆಯುವುದು ಗೋಂದಮ್ಮನ ದುಡಿಮೆಯಿಂದಲೇ. ಅದೂ ಗುತ್ತಿಗೆ ಕೆಲಸ, ವರ್ಷ ವರ್ಷ ನವೀಕರಣವಾಗಬೇಕು. ಎಲ್ಲರೂ ಪರದೆಯ ಮೇಲೆ ಓದುವ ಕಾಲದಲ್ಲಿ ಬೈಂಡರ್ ಯಾತಕ್ಕೆ ಎಂದು ಕಚೇರಿಯಲ್ಲಿ ಗುಸುಗುಸು ಶುರುವಾಗಿದೆ. ಈ ವರ್ಷದ ಕಡತ ಇನ್ನೂ ಗ್ರಂಥಪಾಲಕಿಯ ಮೇಜಿನ ಮೇಲೇ ಇದೆ.

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದ ಮೇಲೆ ಪ್ರತಿ ಪುಸ್ತಕದ ರಟ್ಟಿಗೂ ಗೆರೆ ಗೆರೆಯ ಬಾರ್‌ಕೋಡ್ ಸ್ಟಿಕ್ಕರ್ ಬಂದಿದೆ. ಅದರ ಮೇಲೆ ಪುಸ್ತಕದ ಹೆಸರಿಲ್ಲ, ಬರೀ ಅಂಕಿ. ಹಳೆಯ ರಟ್ಟು ಕಿತ್ತಾಗ ಸ್ಟಿಕ್ಕರನ್ನೂ ಇಸ್ತ್ರಿಪೆಟ್ಟಿಗೆಯ ಬಿಸಿ ತಾಕಿಸಿ ಹುಷಾರಾಗಿ ಬಿಡಿಸಬೇಕು, ಹೊಸ ರಟ್ಟಿಗೆ ಅಂಟಿಸಬೇಕು. "ಮೇಲಿನೋರಿಗೆಲ್ಲ ತರಬೇತಿ ಕೊಟ್ರು. ನನ್ನ ಕರೀಲಿಲ್ಲ. ಗೋಂದಿನ ಕೈಗೆ ಕಂಪ್ಯೂಟರ್ ಯಾಕೆ ಅಂದ್ರಂತೆ."

ಎಡವಟ್ಟಾಗಿದ್ದು ಕರೆಂಟು ಹೋಗಿದ್ದ ಒಂದು ದಿನ. ಬಿಡಿಸಿದ ಸ್ಟಿಕ್ಕರ್‌ಗಳನ್ನು ಅವುಗಳ ಪುಸ್ತಕಗಳ ಮೇಲೇ ಇಟ್ಟಿದ್ದರು. ಫ್ಯಾನಿನ ಸ್ವಿಚ್ ಆರಿಸಲು ಮರೆತಿದ್ದರು. ಕರೆಂಟು ಬಂದದ್ದೇ ತಡ, ಎರಡು ಸ್ಟಿಕ್ಕರ್ ಹಾರಿ ಮೂಲೆಗೆ ಬಿದ್ದವು. ಯಾವುದು ಯಾವುದರದ್ದೆಂದು ಕೇಳಲು ಮೇಲೆ ಹೋಗಬಹುದಿತ್ತು. "ಬೈತಾರೆ ಅಂತ ಭಯ ಆಯ್ತು. ಅಂದಾಜಿನ ಮೇಲೆ ಅಂಟಿಸ್ಬಿಟ್ಟೆ."

ನಿನ್ನೆ ಸಂಜೆ ಅರ್ಥಶಾಸ್ತ್ರ ಓದುವ ಹುಡುಗಿಯೊಬ್ಬಳು ಸಂಖ್ಯಾಶಾಸ್ತ್ರದ ಪುಸ್ತಕ ಹಿಂದಿರುಗಿಸಲು ಬಂದಿದ್ದಳು. ಒಯ್ಯುವಾಗ ಬಾರ್‌ಕೋಡನ್ನು ತಾನೇ ಯಂತ್ರಕ್ಕೆ ತೋರಿಸಿದ್ದಳು, ಪರದೆಯಲ್ಲಿ ಬಂದ ಹೆಸರು ನೋಡಿರಲಿಲ್ಲ. ಯಾರು ನೋಡುತ್ತಾರೆ? ಕೌಂಟರಿನವರು ನೋಡಿದರು. ಪರದೆಯಲ್ಲಿ ಸಸ್ಯಶಾಸ್ತ್ರದ ದುಬಾರಿ ಚಿತ್ರಪುಸ್ತಕದ ಹೆಸರು! ದುಬಾರಿ ಪುಸ್ತಕ ಲಪಟಾಯಿಸಿ, ಅದರ ಸ್ಟಿಕ್ಕರ್ ಇದಕ್ಕೆ ಅಂಟಿಸಿದ್ದೀಯ ಎಂದು ತುಂಬಿದ ಓದುವ ಕೋಣೆಯಲ್ಲೇ ಜೋರು ಮಾಡಿದರು. ಹುಡುಗಿಯ ಹಾಲ್ ಟಿಕೆಟ್ ತಡೆಹಿಡಿದಿದ್ದಾರೆ. ನಾಳೆ ಪರೀಕ್ಷೆ.

"ಗೋಂದಿನ ಡಬ್ಬಿ ತುಂಬಿಸ್ಕೊಂಡು ಬರೋಣ ಅಂತ ಮೇಲೆ ಹೋಗಿದ್ದೆ. ಆ ಮಗು ಅಳ್ತಿತ್ತು. ಇದು ನಾನು ಅಂದಾಜಲ್ಲಿ ಅಂಟಿಸಿದ್ದೇ ಅಂತ ಗೊತ್ತಾಯ್ತು. ಆದ್ರೂ ಬಾಯಿ ಬರ್ಲಿಲ್ಲ ಸಾರ್, ಸುಮ್ನೆ ಇಳಿದು ಬಂದೆ."

ಗ್ರಂಥಪಾಲಕಿ ತಮ್ಮ ಕೋಣೆಗೆ ಬರುವ ಹೊತ್ತಿಗೆ ಗೋಂದಮ್ಮ ಬಾಗಿಲಲ್ಲಿದ್ದಾರೆ. ಹುಡುಗಿಯೂ ಅಲ್ಲೇ ಬೆಂಚಿನ ಮೇಲೆ, ಊದಿದ ಕಣ್ಣಲ್ಲಿ ಕೂತಿದ್ದಾಳೆ. ಗೋಂದಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸುತ್ತಾರೆ. ಗ್ರಂಥಪಾಲಕಿ ಕನ್ನಡಕ ತೆಗೆದಿಟ್ಟು ಕೇಳುತ್ತಾರೆ: "ಹಾಗಾದ್ರೆ ಸಸ್ಯಶಾಸ್ತ್ರದ ಪುಸ್ತಕ ಇಲ್ಲೇ ಇರ್ಬೇಕಲ್ಲಮ್ಮಾ. ತೋರಿಸು."

ಸಸ್ಯಶಾಸ್ತ್ರದ ಕಪಾಟಿಗೆ ಹೋಗಿ ನೋಡಿದರೆ ಅದರ ಜಾಗ ಖಾಲಿ. ಕೆಳಗಿನ ಸಾಲಿನಲ್ಲೂ ಇಲ್ಲ. ಹುಡುಗಿ ಗೋಡೆಗೆ ಒರಗಿ ನಿಲ್ಲುತ್ತಾಳೆ. ಗೋಂದಮ್ಮ ಮಂಡಿಯೂರಿ, ಕಪಾಟಿನ ಹಿಂದಕ್ಕೆ ತೋಳು ತೂರಿಸಿ ತಡಕುತ್ತಾರೆ. ಬಹಳ ಹೊತ್ತಿನ ಮೇಲೆ ಕೊನೆಯ ಕಪಾಟಿನ ಹಿಂದಿನಿಂದ ಧೂಳು ಮೆತ್ತಿದ ದಪ್ಪ ಪುಸ್ತಕವೊಂದು ಹೊರಬರುತ್ತದೆ. ಸಸ್ಯಶಾಸ್ತ್ರವೇ. ಸ್ಕ್ಯಾನರ್ ಹಿಡಿದರೆ ಪರದೆ ಸಂಖ್ಯಾಶಾಸ್ತ್ರ ಎನ್ನುತ್ತದೆ.

"ಸರಿ, ಹಾಲ್ ಟಿಕೆಟ್ ಬಿಡಿಸ್ತೀನಿ," ಎನ್ನುತ್ತಾರೆ ಗ್ರಂಥಪಾಲಕಿ, ತಮ್ಮ ಕೋಣೆಗೆ ಮರಳಿದ ಮೇಲೆ. "ವಿಷಯ ಇಲ್ಲಿಗೇ ಮುಗೀಲಿ. ಹೊರಗೆ ಗೊತ್ತಾದ್ರೆ ನಿನ್ನ ಕಡತ ನಾನು ಮುಂದಕ್ಕೆ ಕಳಿಸೋದು ಕಷ್ಟ ಆಗತ್ತೆ ನೋಡು."

ಮಾತಿನಲ್ಲಿ ಕರುಣೆಯೇ ಇದೆ. ಗೋಂದಮ್ಮ ತಲೆಯಾಡಿಸುತ್ತಾರೆ. ಆದರೆ ಹೊರಬಂದವರು ನೆಲಮಾಳಿಗೆಯ ಮೆಟ್ಟಿಲ ಕಡೆಗೆ ತಿರುಗುವುದಿಲ್ಲ.

"ಕೆಲಸ ಹೋದ್ರೆ ಹೋಗ್ಲಿ ಅನ್ನೋವಷ್ಟು ಗಟ್ಟಿಗಿತ್ತಿ ಅಲ್ಲ ಸಾರ್ ನಾನು. ನಂಗೆ ಕೆಲಸ ಬೇಕೇ ಬೇಕು," ಎಂದು ನಡೆಯುತ್ತಲೇ ಹೇಳುತ್ತಾರೆ. "ಆದ್ರೆ ಕಳ್ಳಿ ಅಂದಿದ್ದು ಎಲ್ರ ಮುಂದೆ. ಅಲ್ಲ ಅನ್ನೋದು ಮಾತ್ರ ಕೋಣೆಯೊಳಗಾ?"

ಓದುವ ಕೋಣೆ ತುಂಬಿದೆ. ಪರೀಕ್ಷೆಯ ಹಿಂದಿನ ದಿನ, ಪುಟ ತಿರುವುವ ಸದ್ದು ಬಿಟ್ಟರೆ ಬೇರೇನಿಲ್ಲ. ಗೋಂದಮ್ಮ ಹುಡುಗಿಯ ಕೈ ಹಿಡಿದು ನಡುಮಧ್ಯೆ ನಿಲ್ಲುತ್ತಾರೆ. ಕೌಂಟರಿನವರು ತುಟಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡುತ್ತಾರೆ.

"ಎಲ್ರೂ ಒಂದ್ನಿಮಿಷ ಈ ಕಡೆ ನೋಡಿ," ಎನ್ನುತ್ತಾರೆ ಗೋಂದಮ್ಮ, ಗಟ್ಟಿಯಾಗಿ. "ಸ್ಟಿಕ್ಕರ್ ತಪ್ಪಾಗಿ ಅಂಟಿಸಿದ್ದು ನಾನು. ಈ ಮಗು ಏನೂ ಮಾಡಿಲ್ಲ."