ಬಾಯ್ಲರ್ ರಾಯರ ಔಷಧಶಾಸ್ತ್ರ

ಶಹಾಬಾದಿನ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ನೀರು ಪರೀಕ್ಷಿಸುವುದು ರಘೂತ್ತಮರಾಯರ ಕೆಲಸ. ಆ ಕಡೆಯ ನೆಲವೆಲ್ಲ ಸುಣ್ಣಕಲ್ಲು, ನೀರಿನಲ್ಲೂ ಸುಣ್ಣ. ಪೈಪುಗಳೊಳಗೆ ಅದು ಬೆರಳು ದಪ್ಪ ಕಟ್ಟಿಕೊಳ್ಳುತ್ತಿತ್ತು. ರಾಯರು ಹದವಾಗಿ ಬೆರೆಸಿದ ಆಸಿಡ್ ಹಾಯಿಸಿ, ಪದರ ಕರಗಿದ್ದು ಖಚಿತವಾದ ಕೂಡಲೇ ನಿಲ್ಲಿಸುವರು. ಒಂದು ತಾಸು ಹೆಚ್ಚಾದರೂ ಆಸಿಡ್ ಪೈಪನ್ನೇ ತಿನ್ನುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಕೈಯಲ್ಲಿ ಒಂದು ಪೈಪೂ ತೂತಾಗಿರಲಿಲ್ಲ.

೧೯೯೯ರಲ್ಲಿ ಹೆಂಡತಿ ಸೀತಾಬಾಯಿಯವರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗತೊಡಗಿತು. ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ, ಕೊಲೆಸ್ಟರಾಲ್ ಇನ್ನೂರ ಎಂಬತ್ನಾಲ್ಕು ಇದೆ ಎಂದು ಗುಲಬರ್ಗಾದ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಹತ್ತು ತಿಂಗಳಲ್ಲಿ ಅದು ನೂರ ಅರವತ್ತೆಂಟಕ್ಕೆ ಇಳಿಯಿತು.

ರಾಯರು ರಿಪೋರ್ಟನ್ನು ಎರಡು ಸಲ ಓದಿದರು. "ಸೀತಾ, ಪೈಪ್ ಸ್ವಚ್ಛ ಆತು. ಇನ್ನ ಗುಳಿಗಿ ಬ್ಯಾಡ."

"ಡಾಕ್ಟರಿಗೆ ಒಂದ್ ಮಾತು ಕೇಳ್ರೆಲಾ."

"ಅವ್ರು ಎಷ್ಟ್ ಪೈಪ್ ತೊಳದಾರ? ಸುಮ್ನ ಔಷಧ ಸುರೀಲಿಕ್ಕೆ ನೀ ಏನ್ ಗಟಾರ ಏನು?"

ಸೀತಾಬಾಯಿ ನಕ್ಕುಬಿಟ್ಟರು. ಚಿತ್ತಾಪುರದಲ್ಲಿ ಶಿಕ್ಷಕಿಯಾಗಿದ್ದ ಮಗಳು ಪದ್ಮಜಾ ಫೋನಿನಲ್ಲಿ ಗುಳಿಗೆ ಬಿಡುವುದು ಬೇಡವೇ ಬೇಡ ಎಂದಳು. "ನಿಮ್ಮಪ್ಪಗ ಭಾಳ ಗೊತ್ತದವಾ, ಸುಮ್ನಿರು," ಎಂದು ತಾಯಿಯೇ ಅವಳ ಬಾಯಿ ಮುಚ್ಚಿಸಿದರು. ಅಂದಿನಿಂದ ಗುಳಿಗೆ ನಿಂತಿತು.

೨೦೦೨ರ ಶ್ರಾವಣದಲ್ಲಿ ಪೂಜೆಗೆ ಹೂ ಬಿಡಿಸುತ್ತಿದ್ದ ಸೀತಾಬಾಯಿ ಅಂಗಳದಲ್ಲೇ ಕುಸಿದರು. ಜೀವ ಉಳಿಯಿತು; ಹೃದಯದ ಒಂದು ಭಾಗ ಉಳಿಯಲಿಲ್ಲ.

ಡಾಕ್ಟರು ರಾಯರನ್ನು ಎದುರಿಗೆ ಕೂಡಿಸಿಕೊಂಡರು. "ಅದು ಪೈಪಿಗೆ ಕಟ್ಟೋ ಸುಣ್ಣ ಅಲ್ರಿ ರಾಯರ. ಕೊಬ್ಬು ಗೋಡಿ ಮ್ಯಾಲಲ್ಲ, ಗೋಡಿ ಒಳಗ ಇರ್ತದ, ಕುರುವಿನಂಗ. ಕೊಲೆಸ್ಟರಾಲ್ ಇಳಿಸಿದ್ರ ಅದು ತೊಳಕೊಂಡು ಹೋಗಂಗಿಲ್ಲ. ವರ್ಷಗಟ್ಟಲೆ ಇಳಿಸಿಟ್ರ ಒಂದಿಷ್ಟು ಕುಗ್ಗಬಹುದು, ಅಷ್ಟ. ಆದ್ರ ಮ್ಯಾಲಿನ ಪೊರಿ ಗಟ್ಟಿ ಆಗ್ತದ, ಲಗೂನ ಒಡ್ಯಂಗಿಲ್ಲ. ನೀವು ಗುಳಿಗಿ ಬಿಡಿಸಿದ್ರಿ, ಕೊಲೆಸ್ಟರಾಲ್ ಮತ್ತ ಏರ್ತು. ಪೊರಿ ಒಡೀತು, ಅಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ತು."

"ಬಿಡಿಸದಿದ್ರ ಆಗ್ತಿರಲಿಲ್ಲೇನು?"

"ಹಂಗ ಖಾತ್ರಿ ಹೇಳ್ಲಿಕ್ಕಾಗಂಗಿಲ್ರಿ. ಆಗೋದು ಕಮ್ಮಿ ಇತ್ತು."

ಎಷ್ಟು ಕಮ್ಮಿ ಎಂದು ಕೇಳುವ ಧೈರ್ಯ, ಇಡೀ ಆಯುಷ್ಯ ಅಳೆದೇ ಬದುಕಿದ ರಾಯರಿಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಸೀತಾಬಾಯಿ ಅಡುಗೆಮನೆಯಿಂದ ತುಳಸಿಕಟ್ಟೆ ಮುಟ್ಟುವುದರಲ್ಲಿ ಎರಡು ಸಲ ದಣಿದು ಕೂಡುತ್ತಿದ್ದರು. ಸಂಜೆ ರಾಯರು ಗುಳಿಗೆ, ನೀರಿನ ಲೋಟ ತಂದು ಮುಂದೆ ಹಿಡಿದರು. ಸೀತಾಬಾಯಿ ಗುಳಿಗೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ರಜೆ ಹಾಕಿ ಬಂದಿದ್ದ ಮಗಳನ್ನು ಕೂಗಿದರು.

"ಪದ್ಮಜಾ, ಇದು ತಗೋಬೇಕೇನವಾ? ನೀ ಒಂದ್ ಸಲ ನೋಡು."

ಪದ್ಮಜಾ ಕೈ ಒರೆಸಿಕೊಂಡು ಬಂದು ಡಾಕ್ಟರ ಚೀಟಿ ಓದುವವರೆಗೂ ರಾಯರು ಲೋಟ ಹಿಡಿದು ನಿಂತೇ ಇದ್ದರು.